ಸಂಚಾರಿ ಕೋರ್ಟುಗಳ ವಕೀಲ ಅಬ್ರಹಾಂ ಲಿಂಕನ್: ಕೆಲವು ಪ್ರಶ್ನೆಗಳು

ಗ್ರಂಥಪ್ರಿಯ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಅಬ್ರಹಾಂ ಲಿಂಕನ್ನರ ಕುರಿತು ನಮ್ಮಲ್ಲಿ ಬಂದಿರುವ ಬರಹಗಳು ಬಹುಮಟ್ಟಿಗೆ ಎರಡು ಚಿತ್ರಗಳ ಸುತ್ತಲೇ ತಿರುಗುತ್ತವೆ. ಒಂದು, ಮರದ ದಿಮ್ಮಿಗಳ ಗುಡಿಸಲಿನಲ್ಲಿ ಒಲೆಯ ಬೆಳಕಿಗೆ ಓದುವ ಹುಡುಗನದು. ಇನ್ನೊಂದು, ಗುಲಾಮಗಿರಿಯ ವಿರುದ್ಧ ಘೋಷಣೆ ಹೊರಡಿಸಿದ ಅಧ್ಯಕ್ಷರದು. ಆದರೆ 1836ರಲ್ಲಿ ವಕೀಲಿಯ ಸನ್ನದು ಪಡೆದ ಅವರು 1860ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು. ನಡುವಿನ ಇಪ್ಪತ್ತನಾಲ್ಕು ವರ್ಷಗಳನ್ನು, ಅಂದರೆ ಅವರ ವಯಸ್ಕ ಜೀವನದ ಬಹುಪಾಲನ್ನು, 'ಅವರು ಪ್ರಾಮಾಣಿಕ ವಕೀಲರಾಗಿದ್ದರು' ಎಂಬ ಒಂದೇ ವಾಕ್ಯದಲ್ಲಿ ಮುಗಿಸಿಬಿಡುವುದು ನನಗೆ ಯಾವಾಗಲೂ ವಿಚಿತ್ರವಾಗಿ ಕಂಡಿದೆ.

ತಿಳಿದವರಲ್ಲಿ ನನ್ನ ಕೋರಿಕೆ ಇಷ್ಟು. ಒಟ್ಟು ಸೇರಿಸಿದರೂ ಒಂದು ವರ್ಷದಷ್ಟು ಶಾಲೆಗೆ ಹೋಗದಿದ್ದ ವ್ಯಕ್ತಿಗೆ ಆ ಕಾಲದ ಇಲಿನಾಯ್ ಸಂಸ್ಥಾನದಲ್ಲಿ ಸನ್ನದು ಸಿಕ್ಕಿದ್ದು ಹೇಗೆ? ಊರಿಂದೂರಿಗೆ ಕುದುರೆಯ ಮೇಲೆ ಹೋಗಿ ವಾದ ಮಾಡುತ್ತಿದ್ದರು ಎಂದು ಓದಿದ್ದೇನೆ. ಆ ಏರ್ಪಾಡು ಯಾವ ಬಗೆಯದು, ಅಲ್ಲಿ ಅವರ ಕೈಗೆ ಬರುತ್ತಿದ್ದ ದಾವೆಗಳು ಎಂಥವು? ಮುಖ್ಯವಾಗಿ, ಆ ವಕೀಲಿ ಬದುಕಿಗೂ ಅವರ ರಾಜಕೀಯಕ್ಕೂ ನಿಜವಾದ ನಂಟೇನಾದರೂ ಇತ್ತೇ, ಅಥವಾ ಅದು ಹೊಟ್ಟೆಪಾಡಿನ ಉದ್ಯೋಗ ಮಾತ್ರವಾಗಿತ್ತೇ?

ನಿವೃತ್ತ ವಕೀಲ:

ಗ್ರಂಥಪ್ರಿಯರೇ, ತಮ್ಮ ಮೊದಲ ಪ್ರಶ್ನೆಗೆ ಬರುವ ಮುನ್ನ ಕಾಲಾನುಕ್ರಮವನ್ನು ಗಮನಿಸುವುದು ಒಳ್ಳೆಯದು. ಲಿಂಕನ್ ವಕೀಲರಾಗಿ ಹೆಸರು ಮಾಡಿ ಆಮೇಲೆ ರಾಜಕೀಯಕ್ಕೆ ಬಂದವರಲ್ಲ. ಮೊದಲು ಶಾಸಕರಾಗಿ, ಆಮೇಲೆ ವಕೀಲರಾದವರು.

1831ರಲ್ಲಿ ಅವರು ನ್ಯೂ ಸೇಲಂ ಎಂಬ ಪುಟ್ಟ ಹಳ್ಳಿಗೆ ಬಂದಾಗ ಕೈಯಲ್ಲಿ ಏನೂ ಇರಲಿಲ್ಲ. ಮರುವರ್ಷವೇ ಶಾಸನಸಭೆಯ ಚುನಾವಣೆಗೆ ನಿಂತು ಸೋತರಾದರೂ ಅವರ ಹಳ್ಳಿಯ ಸುಮಾರು 300 ಮತಗಳಲ್ಲಿ 277 ಅವರಿಗೇ ಬಿದ್ದಿದ್ದವು. ಪಾಲುದಾರಿಕೆಯಲ್ಲಿ ನಡೆಸಿದ ಅಂಗಡಿ ಮುಳುಗಿತು, ಪಾಲುದಾರ ತೀರಿಕೊಂಡ, ಸಾಲವೆಲ್ಲ ಇವರ ತಲೆಯ ಮೇಲೆ ಬಂತು. ಅದನ್ನು ತೀರಿಸಲು ವರ್ಷಗಳೇ ಹಿಡಿದವು. ನಡುವೆ ಹಳ್ಳಿಯ ಪೋಸ್ಟ್ ಮಾಸ್ತರರಾದರು, ಜಿಲ್ಲೆಯ ಸರ್ವೇಯರನ ಸಹಾಯಕರಾಗಿ ಸರಪಳಿ ಹಿಡಿದು ಹೊಲ ಅಳೆದರು. 1834ರಲ್ಲಿ ಎರಡನೆಯ ಸಲ ನಿಂತು ಗೆದ್ದರು. ಅದೇ ಸಂದರ್ಭದಲ್ಲಿ ಸ್ಪ್ರಿಂಗ್‌ಫೀಲ್ಡಿನ ವಕೀಲರೂ ಸಹ ಶಾಸಕರೂ ಆಗಿದ್ದ ಜಾನ್ ಟಾಡ್ ಸ್ಟುವರ್ಟ್ ಇವರಿಗೆ ಕಾನೂನು ಓದುವಂತೆ ಹೇಳಿ ತಮ್ಮ ಪುಸ್ತಕಗಳನ್ನು ಕೊಟ್ಟರು.

ಆ ಕಾಲದ ಇಲಿನಾಯ್‌ನಲ್ಲಿ ಕಾನೂನು ಕಾಲೇಜಿನ ಪದವಿ ಯಾರಿಗೂ ಅಗತ್ಯವಿರಲಿಲ್ಲ. ಸಾಮಾನ್ಯವಾಗಿ ಯುವಕರು ಹಿರಿಯ ವಕೀಲರ ಕಚೇರಿಯಲ್ಲಿ ಬರವಣಿಗೆಯ ಕೆಲಸ ಮಾಡುತ್ತ ಕಲಿಯುತ್ತಿದ್ದರು. ಲಿಂಕನ್ನರಿಗೆ ಆ ಅವಕಾಶವೂ ಇರಲಿಲ್ಲ. ಬ್ಲ್ಯಾಕ್‌ಸ್ಟನ್ನರ ಇಂಗ್ಲಿಷ್ ಕಾನೂನಿನ ವ್ಯಾಖ್ಯಾನವನ್ನೂ ವಾದಪತ್ರಗಳ ಮಾದರಿ ಪುಸ್ತಕಗಳನ್ನೂ ಒಬ್ಬರೇ ಕುಳಿತು ಓದಿದರು. 1836ರ ಮಾರ್ಚ್‌ನಲ್ಲಿ ಜಿಲ್ಲಾ ನ್ಯಾಯಾಲಯವು ಅವರ ನಡತೆ ಒಳ್ಳೆಯದೆಂದು ದಾಖಲಿಸಿತು, ಸೆಪ್ಟೆಂಬರ್ 9ರಂದು ಸನ್ನದು ದೊರೆಯಿತು, 1837ರ ಮಾರ್ಚ್ 1ರಂದು ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯದ ವಕೀಲರ ಪಟ್ಟಿಗೆ ಹೆಸರು ಸೇರಿತು. ಏಪ್ರಿಲ್‌ನಲ್ಲಿ ಸ್ಪ್ರಿಂಗ್‌ಫೀಲ್ಡಿಗೆ ಹೋಗಿ ಸ್ಟುವರ್ಟರ ಪಾಲುದಾರರಾದರು.

ಇಷ್ಟು ಸಡಿಲವಾದ ಏರ್ಪಾಡು ನಮ್ಮ ಬಾರ್ ಕೌನ್ಸಿಲ್‌ನವರಿಗೆ ಕನಸಿನಲ್ಲೂ ಒಪ್ಪಿಗೆಯಾಗದು, ಆದರೆ ಅದಕ್ಕೆ ಕಾರಣವಿತ್ತು. 1830ರಲ್ಲಿ ಇಲಿನಾಯ್‌ನ ಜನಸಂಖ್ಯೆ ಸುಮಾರು 1,57,000. 1860ರ ಹೊತ್ತಿಗೆ ಅದು 17 ಲಕ್ಷವನ್ನು ದಾಟಿತ್ತು. ಹೀಗೆ ಜನ ಬಂದು ತುಂಬುತ್ತಿದ್ದ ನಾಡಿನಲ್ಲಿ ಜಮೀನಿನ ಪತ್ರ, ಸಾಲದ ಪತ್ರ, ಎಲ್ಲೆಯ ಜಗಳಗಳಿಗೆ ಕೊನೆಯೇ ಇರಲಿಲ್ಲ, ವಕೀಲರು ಎಷ್ಟಿದ್ದರೂ ಸಾಲುತ್ತಿರಲಿಲ್ಲ. ಲಿಂಕನ್ನರಿಗೆ ಈ ವಿಷಯ ಮನೆಯಲ್ಲೇ ಗೊತ್ತಿತ್ತು. ಅವರ ತಂದೆ ಥಾಮಸ್ ಕೆಂಟಕಿಯಲ್ಲಿ ಕೊಂಡ ಹೊಲಗಳ ಹಕ್ಕುಪತ್ರ ಸರಿಯಿಲ್ಲದೆ ನಷ್ಟಪಟ್ಟಿದ್ದರು. ಅಲ್ಲಿ ಮರ, ತೊರೆ, ಬಂಡೆಗಳನ್ನೇ ಎಲ್ಲೆಯೆಂದು ಬರೆದು ಅಳೆಯುತ್ತಿದ್ದುದರಿಂದ ಒಬ್ಬನ ಜಮೀನು ಇನ್ನೊಬ್ಬನ ಜಮೀನಿನ ಮೇಲೆ ಬೀಳುತ್ತಿತ್ತು. ಒಹಾಯೊ ನದಿಯ ಉತ್ತರಕ್ಕೆ ಸರ್ಕಾರವೇ ಆರು ಮೈಲಿ ಚೌಕದ ಟೌನ್‌ಶಿಪ್‌ಗಳಾಗಿ ನೆಲವನ್ನು ಅಳೆದು, ಪ್ರತಿಯೊಂದನ್ನೂ 640 ಎಕರೆಯ 36 ಭಾಗಗಳಾಗಿ ವಿಂಗಡಿಸಿ ಮಾರುತ್ತಿತ್ತು. 1816ರಲ್ಲಿ ಕುಟುಂಬ ಇಂಡಿಯಾನಾಕ್ಕೆ ಹೊರಟದ್ದಕ್ಕೆ ಗುಲಾಮಗಿರಿಯ ಕಾರಣವೂ ಸ್ವಲ್ಪ ಇತ್ತಾದರೂ ಭೂಮಿಯ ಹಕ್ಕಿನ ತೊಡಕೇ ಮುಖ್ಯವಾಗಿತ್ತೆಂದು ಲಿಂಕನ್ನರೇ ಮುಂದೆ ಬರೆದಿದ್ದಾರೆ.

ಶಾಸಕರಾಗಿ ಅವರು ಮಾಡಿದ ಕೆಲಸಗಳೆಲ್ಲವೂ ಹೊಗಳುವಂಥವಲ್ಲ. ರಾಜಧಾನಿಯನ್ನು ವಂಡೇಲಿಯಾದಿಂದ ಸ್ಪ್ರಿಂಗ್‌ಫೀಲ್ಡಿಗೆ ತರಲು ಸಂಗಮನ್ ಜಿಲ್ಲೆಯ ಒಂಬತ್ತು ಜನ ಶಾಸಕರು ಒಟ್ಟಾಗಿ ದುಡಿದರು. ಎಲ್ಲರೂ ಎತ್ತರದ ಆಳುಗಳಾದ್ದರಿಂದ ಅವರನ್ನು 'ಉದ್ದನೆಯ ಒಂಬತ್ತು' ಎಂದು ಕರೆಯುತ್ತಿದ್ದರು. ಅದೇ 1837ರಲ್ಲಿ ಕಾಲುವೆ, ರೈಲುದಾರಿಗಳಿಗಾಗಿ ಸುಮಾರು 1 ಕೋಟಿ ಡಾಲರ್ ಸಾಲದ ಯೋಜನೆಯೊಂದು ಅವರ ಬೆಂಬಲದಿಂದ ಅಂಗೀಕಾರವಾಯಿತು. ಬೆನ್ನಿಗೇ ಬ್ಯಾಂಕುಗಳು ಕುಸಿದು, ಸಂಸ್ಥಾನವು ಬಡ್ಡಿಯನ್ನೂ ಕಟ್ಟಲಾಗದ ಸ್ಥಿತಿಗೆ ಬಂದಿತು. 1840ರಲ್ಲಿ ಸಭೆಗೆ ಕೋರಂ ಆಗದಂತೆ ತಡೆಯಲು ಅವರು ಕಿಟಕಿಯಿಂದ ಹೊರಕ್ಕೆ ಹಾರಿದ್ದೂ ಉಂಟು, ಅಷ್ಟರಲ್ಲಿ ಹಾಜರಿ ಲೆಕ್ಕ ಮುಗಿದಿದ್ದರಿಂದ ಹಾರಿದ್ದು ವ್ಯರ್ಥವಾಯಿತು. ಶಾಸನಸಭೆಗಳ ಇಂದಿನ ನಾಟಕಗಳನ್ನು ನೋಡಿ ಬೇಸರಪಡುವವರು ಇದನ್ನು ಓದಿ ಸಮಾಧಾನಪಟ್ಟುಕೊಳ್ಳಬಹುದು.

ಪ್ರೇರಿ ಕನ್ನಡಿಗ:

ನಾನು ಇಲಿನಾಯ್‌ನಲ್ಲೇ ವಾಸವಾಗಿರುವುದರಿಂದ ಸಂಚಾರಿ ಕೋರ್ಟಿನ ಬಗ್ಗೆ ಬರೆಯುತ್ತೇನೆ. ನಿಮ್ಮ ಮೂರನೆಯ ಪ್ರಶ್ನೆಗೂ ಉತ್ತರ ಅಲ್ಲಿಯೇ ಇದೆಯೆಂದು ನನ್ನ ನಂಬಿಕೆ.

ಹೊಸದಾಗಿ ರಚನೆಯಾದ ಒಂದೊಂದು ಕೌಂಟಿಯಲ್ಲಿಯೂ (ಜಿಲ್ಲೆಯಲ್ಲಿಯೂ) ವರ್ಷವಿಡೀ ನ್ಯಾಯಾಧೀಶರನ್ನು ಕೂರಿಸುವಷ್ಟು ದಾವೆಗಳಿರಲಿಲ್ಲ, ಸಂಬಳಕ್ಕೆ ಹಣವೂ ಇರಲಿಲ್ಲ. ಆದ್ದರಿಂದ ಹಲವು ಕೌಂಟಿಗಳನ್ನು ಸೇರಿಸಿ ಒಂದು ಸುತ್ತು ಮಾಡಿ, ಒಬ್ಬ ನ್ಯಾಯಾಧೀಶರು ವಸಂತದಲ್ಲಿ ಒಮ್ಮೆ, ಶರತ್ಕಾಲದಲ್ಲಿ ಒಮ್ಮೆ ಎಲ್ಲ ಕೇಂದ್ರಗಳಿಗೂ ಹೋಗಿ, ಅಲ್ಲಲ್ಲಿ ಕೆಲವು ದಿನ ಕುಳಿತು ವಿಚಾರಣೆ ಮುಗಿಸಿ ಮುಂದಕ್ಕೆ ಹೊರಡುತ್ತಿದ್ದರು, ವಕೀಲರು ಅವರ ಹಿಂದೆಯೇ ಹೋಗುತ್ತಿದ್ದರು. ಲಿಂಕನ್ನರು ಓಡಾಡಿದ್ದು ಎಂಟನೆಯ ಸುತ್ತಿನಲ್ಲಿ. 1850ರ ಸುಮಾರಿಗೆ ಅದರಲ್ಲಿ 14 ಕೌಂಟಿಗಳಿದ್ದವು, ವಿಸ್ತಾರ ಹತ್ತು ಸಾವಿರ ಚದರ ಮೈಲಿಗೂ ಹೆಚ್ಚು. ಒಂದು ಸುತ್ತು ಮುಗಿಸಲು ಸುಮಾರು ಎರಡೂವರೆ ಮೂರು ತಿಂಗಳು ಬೇಕಾಗುತ್ತಿದ್ದುದರಿಂದ ವರ್ಷದ ಅರ್ಧದಷ್ಟು ಕಾಲ ಅವರು ಮನೆಯಿಂದ ದೂರವೇ ಇರುತ್ತಿದ್ದರು. ಅವರ ಪತ್ನಿ ಮೇರಿ ಟಾಡ್ ಅವರಿಗೆ ಇದು ಎಷ್ಟು ಕಷ್ಟವಾಗಿತ್ತೆಂಬುದನ್ನು ಊಹಿಸಬಹುದು.

ಇಲ್ಲಿಯ ನೆಲವನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಇದು ಗುಡ್ಡವಿಲ್ಲದ, ಮರ ಕಡಿಮೆಯಿರುವ, ಆಳೆತ್ತರದ ಹುಲ್ಲು ಬೆಳೆಯುತ್ತಿದ್ದ ಬಯಲು. ಹಿಮ ಕರಗುವ ಮಾರ್ಚ್, ಏಪ್ರಿಲ್‌ನಲ್ಲಿ ಕಪ್ಪು ಮಣ್ಣು ಗಾಡಿಯ ಚಕ್ರಗಳನ್ನು ಅಚ್ಚಿನವರೆಗೂ ನುಂಗುತ್ತದೆ. ಸೇತುವೆಗಳಿರಲಿಲ್ಲ. ಆರು ಅಡಿ ನಾಲ್ಕು ಅಂಗುಲ ಎತ್ತರದ ಲಿಂಕನ್ ಕಾಲು ಉದ್ದವಾಗಿದ್ದುದರಿಂದ ತೊರೆಗಳ ಆಳವನ್ನು ನೋಡಲು ಅವರನ್ನೇ ಮುಂದೆ ಇಳಿಸುತ್ತಿದ್ದರೆಂದು ಜೊತೆಗಾರರು ನೆನಪಿಸಿಕೊಂಡಿದ್ದಾರೆ. ಹೋಟೆಲುಗಳಲ್ಲಿ ಒಂದೇ ಹಾಸಿಗೆಯಲ್ಲಿ ಇಬ್ಬರು, ಒಂದೇ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಮಲಗುತ್ತಿದ್ದರು. 1848ರಿಂದ ನ್ಯಾಯಾಧೀಶರಾಗಿದ್ದ ಡೇವಿಡ್ ಡೇವಿಸ್ ಮುನ್ನೂರು ಪೌಂಡ್ ತೂಗುತ್ತಿದ್ದುದರಿಂದ ಅವರೊಡನೆ ಹಾಸಿಗೆ ಹಂಚಿಕೊಳ್ಳುವ ಭಾಗ್ಯ ಯಾರಿಗೂ ಬರಲಿಲ್ಲ.

ಕೋರ್ಟಿನ ವಾರವೆಂದರೆ ಆ ಊರಿಗೆ ಜಾತ್ರೆ. ಸುತ್ತಲಿನ ರೈತರು ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ದಾವೆ ಇದ್ದವರು ಕೆಲವರು, ದಾವೆ ನೋಡಲು ಬಂದವರು ಹಲವರು. ಸ್ಥಳೀಯ ವಕೀಲ ತನ್ನ ಕಕ್ಷಿದಾರನನ್ನು ಕರೆತಂದು ಲಿಂಕನ್ನರ ಜೊತೆಗೂಡಿಸಿಕೊಳ್ಳುತ್ತಿದ್ದ. ಮರದ ಕೆಳಗೋ ಹೋಟೆಲಿನ ಜಗಲಿಯಲ್ಲೋ ಅರ್ಧ ಗಂಟೆ ವಿಷಯ ಕೇಳಿಕೊಂಡು, ಮಧ್ಯಾಹ್ನಕ್ಕೆ ಅವರು ಜ್ಯೂರಿಯ ಮುಂದೆ ನಿಂತಿರಬೇಕಾಗುತ್ತಿತ್ತು. ಬೆಳಿಗ್ಗೆ ಒಬ್ಬ ವಕೀಲನ ಜೊತೆಗಾರ, ಸಂಜೆ ಅವನಿಗೇ ಎದುರಾಳಿ. ಹಂದಿಗಳು ಪಕ್ಕದ ಹೊಲಕ್ಕೆ ನುಗ್ಗಿದ್ದು, ಕುದುರೆ ಮಾರುವಾಗ ರೋಗ ಮುಚ್ಚಿಟ್ಟದ್ದು, ನೆರೆಯವರು ಮಾನಹಾನಿಯ ಮಾತಾಡಿದ್ದು, ವಿಚ್ಛೇದನ, ಪಾಲುಪಟ್ಟಿ ಎಲ್ಲವೂ ಬರುತ್ತಿದ್ದವು. ಆದರೆ ಸಂಖ್ಯೆಯಲ್ಲಿ ಎಲ್ಲಕ್ಕಿಂತ ಮುಂದಿದ್ದದ್ದು ಸಾಲ ವಸೂಲಿ. ಅಲ್ಲಿ ನಾಣ್ಯದ ಓಡಾಟ ಕಡಿಮೆಯಾಗಿದ್ದುದರಿಂದ ಜನ ಪ್ರಾಮಿಸರಿ ನೋಟನ್ನೇ (ಹಣ ಕೊಡುವೆನೆಂದು ಬರೆದುಕೊಟ್ಟ ಪತ್ರವನ್ನೇ) ಹಣದಂತೆ ಕೈಯಿಂದ ಕೈಗೆ ದಾಟಿಸುತ್ತಿದ್ದರು. ಕೊನೆಗೆ ಯಾರದೋ ಕೈಯಲ್ಲಿ ಅದು ಉಳಿದುಹೋದಾಗ ದಾವೆ ಹುಟ್ಟುತ್ತಿತ್ತು. ಅವರೂ ಅವರ ಪಾಲುದಾರರೂ ಸೇರಿ ನಡೆಸಿದ ಐದು ಸಾವಿರಕ್ಕೂ ಹೆಚ್ಚು ಮೊಕದ್ದಮೆಗಳ ದಾಖಲೆಗಳು ಸಿಕ್ಕಿವೆ, ಅವುಗಳಲ್ಲಿ ಅರ್ಧಕ್ಕೂ ಮಿಕ್ಕಿ ಸಾಲಕ್ಕೆ ಸಂಬಂಧಿಸಿದವು. ಐದು, ಹತ್ತು, ಇಪ್ಪತ್ತು ಡಾಲರು ಶುಲ್ಕ. ಶುಲ್ಕ ತೀರ ಕಡಿಮೆ ಕೇಳಿ ಉಳಿದ ವಕೀಲರ ಹೊಟ್ಟೆಯ ಮೇಲೆ ಹೊಡೆಯುತ್ತೀರಿ ಎಂದು ಡೇವಿಸ್ ಗದರಿಸಿದ್ದರಂತೆ.

ಸಂಜೆ ಕೋರ್ಟು ಎದ್ದ ಮೇಲೆ ಅದೇ ಕಟ್ಟಡದಲ್ಲಿ, ಅದೇ ಜನರ ಮುಂದೆ ರಾಜಕೀಯ ಭಾಷಣ ನಡೆಯುತ್ತಿತ್ತು. ಉಳಿದ ವಕೀಲರು ಶನಿವಾರ ಮನೆಗೆ ಹೊರಟರೂ ಲಿಂಕನ್ ಸಾಮಾನ್ಯವಾಗಿ ಅಲ್ಲೇ ಉಳಿದು ಊರಿನವರೊಡನೆ ಹರಟುತ್ತಿದ್ದರು. ಇಪ್ಪತ್ತು ವರ್ಷ ಹೀಗೆ ಮಾಡಿದವರಿಗೆ ಹದಿನಾಲ್ಕು ಕೌಂಟಿಗಳ ಪತ್ರಿಕಾ ಸಂಪಾದಕ, ಅಂಗಡಿಯವ, ಕೋರ್ಟಿನ ಗುಮಾಸ್ತ, ಸ್ಥಳೀಯ ವಕೀಲ ಎಲ್ಲರೂ ಹೆಸರಿನಿಂದ ಗೊತ್ತಿರುತ್ತಾರೆ. ಪಕ್ಷದ ಕಚೇರಿಯೆಂಬುದೇ ಇಲ್ಲದ ಕಾಲದಲ್ಲಿ ಇದಕ್ಕಿಂತ ದೊಡ್ಡ ಸಂಘಟನೆ ಯಾವುದಿದ್ದೀತು? ಆ ಸುತ್ತಿನ ಹಳೆಯ ಕೋರ್ಟು ಕಟ್ಟಡಗಳಲ್ಲಿ ಮೆಟಮೋರಾ ಮತ್ತು ಮೌಂಟ್ ಪುಲಾಸ್ಕಿಯವು ಇಂದಿಗೂ ಇವೆ. ಒಳಗೆ ನಿಂತರೆ ಜ್ಯೂರಿಯ ಬೆಂಚಿಗೂ ವಕೀಲರ ಮೇಜಿಗೂ ನಡುವೆ ಇರುವ ಅಂತರ ಎಷ್ಟು ಕಡಿಮೆಯೆಂಬುದು ಮೊದಲು ಕಣ್ಣಿಗೆ ಬೀಳುತ್ತದೆ. ಅಲ್ಲಿ ಲ್ಯಾಟಿನ್ ಪದಗಳ ವಾದ ನಡೆಯುತ್ತಿರಲಿಲ್ಲ. ಎದುರು ಕುಳಿತ ಹನ್ನೆರಡು ರೈತರಿಗೆ ಅರ್ಥವಾಗುವ ಹಾಗೆ, ಬಿಟ್ಟುಕೊಡಬಹುದಾದ ಆರು ಅಂಶಗಳನ್ನು ಬಿಟ್ಟುಕೊಟ್ಟು ಏಳನೆಯದನ್ನು ಬಿಗಿಯಾಗಿ ಹಿಡಿಯುವುದು ಅವರ ರೀತಿಯಾಗಿತ್ತೆಂದು ಜೊತೆಯ ವಕೀಲ ಲಿಯೊನಾರ್ಡ್ ಸ್ವೆಟ್ ಹೇಳಿದ್ದಾರೆ. 1858ರಲ್ಲಿ ಸ್ಟೀಫನ್ ಡಗ್ಲಸ್ ಅವರೊಡನೆ ಏಳು ಊರುಗಳಲ್ಲಿ ನಡೆದ ಚರ್ಚೆಗಳನ್ನು ಓದಿದರೆ ಅದೇ ರೀತಿ ಕಾಣುತ್ತದೆ.

ಚರಿತ್ರೆಯ ವಿದ್ಯಾರ್ಥಿನಿ:

ಮೇಲಿನ ಎರಡೂ ಉತ್ತರಗಳು ಉಪಯುಕ್ತವಾಗಿವೆ. ಆದರೆ ಎರಡರಲ್ಲೂ ಆ ಹುಲ್ಲುಗಾವಲು ಯಾರದಾಗಿತ್ತು ಎಂಬ ಮಾತೇ ಇಲ್ಲ. ಸರ್ಕಾರ ಚೌಕ ಚೌಕವಾಗಿ ಅಳೆದು ಮಾರಿದ ಆ ನೆಲ ಕಿಕಾಪೂ, ಪೊಟವಾಟಮಿ, ಸಾಕ್ ಮೊದಲಾದ ಮೂಲನಿವಾಸಿ ಜನರದಾಗಿತ್ತು. 1832ರಲ್ಲಿ ಸಾಕ್ ನಾಯಕ ಬ್ಲ್ಯಾಕ್ ಹಾಕ್ ತನ್ನವರೊಡನೆ ಮಿಸಿಸಿಪ್ಪಿ ದಾಟಿ ಹಿಂದಿರುಗಿದಾಗ ಎದ್ದ ಯುದ್ಧದಲ್ಲಿ ಲಿಂಕನ್ ಸ್ವಯಂಸೇವಕ ದಳದ ನಾಯಕರಾಗಿದ್ದರು. ಕಾಳಗದಲ್ಲಿ ಭಾಗವಹಿಸುವ ಸಂದರ್ಭ ಅವರಿಗೆ ಬರಲಿಲ್ಲ, ಆದರೆ ಸ್ಟುವರ್ಟರ ಪರಿಚಯ ಗಾಢವಾದದ್ದು ಆ ಶಿಬಿರಗಳಲ್ಲೇ. ಮರುವರ್ಷ ಷಿಕಾಗೊ ಒಪ್ಪಂದದ ಮೂಲಕ ಪೊಟವಾಟಮಿ ಮತ್ತು ಅವರ ಬಂಧುಜನ ಈ ಭಾಗದಲ್ಲಿ ತಮಗೆ ಉಳಿದಿದ್ದ ನೆಲವನ್ನೂ ಬಿಟ್ಟುಕೊಡಬೇಕಾಯಿತು. ಎಲ್ಲೆಯ ದಾವೆಗಳಿಗೆಲ್ಲ ಹಿಂದಿದ್ದ ಈ ಮೊದಲ ದಾವೆ ಯಾವ ಸಂಚಾರಿ ಕೋರ್ಟಿಗೂ ಬರಲಿಲ್ಲ.

ಇನ್ನು 'ಪ್ರಾಮಾಣಿಕ ವಕೀಲ' ಎಂಬ ಬಿರುದು. ಎರಡು ಮೊಕದ್ದಮೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕೆಂದು ನನ್ನ ವಿನಂತಿ. 1841ರಲ್ಲಿ ಬೇಲಿ ಮತ್ತು ಕ್ರಾಮ್‌ವೆಲ್ ನಡುವಿನ ಮೇಲ್ಮನವಿಯಲ್ಲಿ, ನ್ಯಾನ್ಸ್ ಎಂಬ ಕಪ್ಪು ಯುವತಿಯನ್ನು 'ಕೊಳ್ಳಲು' ಬರೆದುಕೊಟ್ಟಿದ್ದ ಪ್ರಾಮಿಸರಿ ನೋಟಿನ ಹಣ ಕೊಡಬೇಕಿಲ್ಲವೆಂದು ಲಿಂಕನ್ ಬೇಲಿಯ ಪರವಾಗಿ ವಾದಿಸಿದರು. ಇಲಿನಾಯ್‌ನಲ್ಲಿ ಬಣ್ಣ ಯಾವುದಾದರೂ ಪ್ರತಿಯೊಬ್ಬರೂ ಸ್ವತಂತ್ರರೆಂದೇ ಕಾನೂನು ಭಾವಿಸುತ್ತದೆ, ಸ್ವತಂತ್ರ ವ್ಯಕ್ತಿಯ ಮಾರಾಟ ಅಸಿಂಧು ಎಂದು ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯ ಒಪ್ಪಿತು. ಇದು ಎಲ್ಲ ಜೀವನಚರಿತ್ರೆಗಳಲ್ಲೂ ಬರುತ್ತದೆ.

ಆರು ವರ್ಷಗಳ ನಂತರ, 1847ರ ಅಕ್ಟೋಬರ್‌ನಲ್ಲಿ, ಕೋಲ್ಸ್ ಕೌಂಟಿಯ ಚಾರ್ಲ್ಸ್‌ಟನ್ನಿನಲ್ಲಿ ಅವರೇ ರಾಬರ್ಟ್ ಮ್ಯಾಟ್ಸನ್ ಎಂಬ ಕೆಂಟಕಿಯ ಗುಲಾಮರ ಒಡೆಯನ ಪರವಾಗಿ ನಿಂತರು. ಮ್ಯಾಟ್ಸನ್ ತನ್ನ ಇಲಿನಾಯ್ ಹೊಲದಲ್ಲಿ ದುಡಿಸಲು ಕೆಂಟಕಿಯಿಂದ ಗುಲಾಮರನ್ನು ಕರೆತರುತ್ತಿದ್ದ. ಅವರಲ್ಲೊಬ್ಬಳಾದ ಜೇನ್ ಬ್ರಯಂಟ್, ತನ್ನನ್ನೂ ಮಕ್ಕಳನ್ನೂ ತಿರುಗಿ ದಕ್ಷಿಣಕ್ಕೆ ಕಳಿಸಿ ಮಾರಿಬಿಡುತ್ತಾರೆಂಬ ಭಯದಿಂದ ನಾಲ್ವರು ಮಕ್ಕಳೊಡನೆ ಓಡಿಹೋಗಿ ಗುಲಾಮಗಿರಿಯ ವಿರೋಧಿಗಳ ಆಶ್ರಯ ಪಡೆದಳು. ಇವರು ಇಲ್ಲಿ ನೆಲೆಸಿದವರಲ್ಲ, ಕೆಲಸದ ಋತುವಿಗೆ ಮಾತ್ರ ಬಂದವರು, ಆದ್ದರಿಂದ ಒಡೆಯನ ಹಕ್ಕು ಹೋಗುವುದಿಲ್ಲ ಎಂಬುದು ಲಿಂಕನ್ ಮಂಡಿಸಿದ ವಾದ. ನ್ಯಾಯಾಲಯ ಅದನ್ನು ತಿರಸ್ಕರಿಸಿ ತಾಯಿ ಮಕ್ಕಳನ್ನು ಬಿಡುಗಡೆ ಮಾಡಿತು. ವಾದ ಗೆದ್ದಿದ್ದರೆ ಐದು ಜೀವಗಳು ಗುಲಾಮಗಿರಿಗೆ ಮರಳುತ್ತಿದ್ದವು. 'ಗುಲಾಮಗಿರಿ ಅನ್ಯಾಯದ ಮೇಲೂ ಕೆಟ್ಟ ನೀತಿಯ ಮೇಲೂ ನಿಂತಿದೆ' ಎಂದು 1837ರಲ್ಲೇ ಶಾಸನಸಭೆಯಲ್ಲಿ ಲಿಖಿತ ಪ್ರತಿಭಟನೆ ದಾಖಲಿಸಿದ್ದ ವ್ಯಕ್ತಿ ಹತ್ತು ವರ್ಷಗಳ ನಂತರ ಈ ವಕಾಲತ್ತು ಹಿಡಿದದ್ದನ್ನು ನಾವು ಸುಮ್ಮನೆ ದಾಟಿಹೋಗಬಾರದು.

ರೈಲು ಕಂಪನಿಗಳ ವಿಷಯವೂ ಇದೆ. ಇಲಿನಾಯ್ ಸೆಂಟ್ರಲ್ ರೈಲು ಕಂಪನಿಗೆ ಅದರ ಸನ್ನದಿನಲ್ಲಿ ಕೌಂಟಿ ತೆರಿಗೆಯಿಂದ ವಿನಾಯಿತಿ ಇತ್ತು. ಮೆಕ್ಲೀನ್ ಕೌಂಟಿ ಆದರೂ ತೆರಿಗೆ ಹಾಕಿತು. ಲಿಂಕನ್ ಕಂಪನಿಯ ಪರ ವಾದಿಸಿ 1856ರಲ್ಲಿ ಸಂಸ್ಥಾನದ ಸರ್ವೋಚ್ಚ ನ್ಯಾಯಾಲಯದಲ್ಲಿ ಗೆದ್ದರು. ಆಮೇಲೆ ಶುಲ್ಕಕ್ಕಾಗಿ ಅದೇ ಕಂಪನಿಯ ಮೇಲೆ ದಾವೆ ಹೂಡಿ 5,000 ಡಾಲರ್ ಗಳಿಸಿದರು. ಹತ್ತು ಡಾಲರಿನ ವಕೀಲರು ಎಂಬ ಚಿತ್ರಕ್ಕೆ ಇದು ಹೊಂದುವುದಿಲ್ಲ.

ನಿವೃತ್ತ ವಕೀಲ:

ವಿದ್ಯಾರ್ಥಿನಿಯವರ ಮಾತು ತೂಕದ್ದು. ನೆಲದ ಬಗ್ಗೆ ಅವರು ಬರೆದದ್ದಕ್ಕೆ ನಾನು ಸೇರಿಸುವುದೇನೂ ಇಲ್ಲ. ಮ್ಯಾಟ್ಸನ್ ಮೊಕದ್ದಮೆಯ ಬಗ್ಗೆ ಮಾತ್ರ ವೃತ್ತಿಯವನಾಗಿ ಎರಡು ಮಾತು. ನಮ್ಮಲ್ಲಿ ವಕೀಲನು ವಿಶೇಷ ಕಾರಣವಿಲ್ಲದೆ ಬಂದ ಕಕ್ಷಿದಾರನನ್ನು ನಿರಾಕರಿಸಬಾರದೆಂಬ ನಿಯಮವಿದೆ. ಇಲಿನಾಯ್‌ನಲ್ಲಿ ಅಂಥ ನಿಯಮವಿರಲಿಲ್ಲ, ಲಿಂಕನ್ ಬೇಡವೆನ್ನಬಹುದಾಗಿತ್ತು. ಎದುರು ಪಕ್ಷಕ್ಕೆ ನಿಂತ ಆರ್ಲ್ಯಾಂಡೊ ಫಿಕ್ಲಿನ್ ಕೂಡ ಅದೇ ಕೋರ್ಟುಗಳಲ್ಲಿ ಸುತ್ತುತ್ತಿದ್ದ ವಕೀಲರೇ. ಆದ್ದರಿಂದ ಸುತ್ತಿನ ಒತ್ತಡ, ಮೊದಲು ಬಂದ ಕಕ್ಷಿದಾರನಿಗೆ ಮೊದಲ ಹಕ್ಕು ಎಂಬ ಅಂದಿನ ರೂಢಿ ಇವು ವಿವರಣೆಯಾಗಬಹುದೇ ಹೊರತು ಸಮರ್ಥನೆಯಾಗಲಾರವು.

ಆದರೆ ರೈಲು ಕಂಪನಿಯ ವಿಷಯದಲ್ಲಿ ನಾನು ಲಿಂಕನ್ನರ ಪರವಾಗಿ ವಾದಿಸುತ್ತೇನೆ. 1853ರಲ್ಲಿ ಕಂಪನಿ ತಮ್ಮನ್ನು ನೇಮಿಸಿಕೊಳ್ಳಲು ಕೇಳುತ್ತಿದೆಯೆಂದೂ, ಆದರೆ ಈ ತೆರಿಗೆಯ ವಿಷಯದಲ್ಲಿ ಮೊದಲು ಮಾತಾಡಿದ್ದು ಷಾಂಪೇನ್ ಕೌಂಟಿಯಾದ್ದರಿಂದ ಅದಕ್ಕೇ ತಮ್ಮ ಮೇಲೆ ಮೊದಲ ಹಕ್ಕೆಂದೂ ಅವರು ಆ ಕೌಂಟಿಯ ಗುಮಾಸ್ತರಿಗೆ ಪತ್ರ ಬರೆದರು. ಅಲ್ಲಿಂದ ಒಪ್ಪಂದವಾಗದಿದ್ದ ಮೇಲೆಯೇ ಕಂಪನಿಯ ವಕಾಲತ್ತು ಹಿಡಿದದ್ದು. ಮೊಕದ್ದಮೆಯಲ್ಲಿ ಕಂಪನಿಗೆ ಉಳಿದ ಹಣದ ಮುಂದೆ ಆ ಶುಲ್ಕ ಹೆಚ್ಚೇನೂ ಅಲ್ಲ, ಬಂದದ್ದನ್ನು ಪಾಲುದಾರ ವಿಲಿಯಂ ಹರ್ನ್‌ಡನ್ ಜೊತೆ ಹಂಚಿಕೊಂಡರು. ಬೇರೆ ರೈಲು ಕಂಪನಿಗಳ ವಿರುದ್ಧವೂ ಅವರು ವಾದಿಸಿದ್ದಾರೆ. ಅವರಿಗೆ ಉದ್ಯಮದ ಬಗ್ಗೆ ವಿರೋಧವೇ ಇರಲಿಲ್ಲ. ಅಂದಿನ ವಿಗ್ ಪಕ್ಷದ ನಾಯಕ ಹೆನ್ರಿ ಕ್ಲೇ ಅವರ ಅನುಯಾಯಿಯಾಗಿ, ಆ ಪಕ್ಷದವರಾಗಿ, ಕಾಲುವೆ, ರೈಲು, ಬ್ಯಾಂಕು ಬರಬೇಕೆಂದು ಮೊದಲಿನಿಂದಲೂ ಹೇಳಿದವರು. ಮಿಸಿಸಿಪ್ಪಿಯ ಮೇಲಿನ ಮೊದಲ ರೈಲು ಸೇತುವೆಗೆ 1856ರ ಮೇ 6ರಂದು ಎಫಿ ಆಫ್ಟನ್ ಎಂಬ ಉಗಿಹಡಗು ಬಡಿದು ಸುಟ್ಟುಹೋದಾಗ, ಮರುವರ್ಷ ಷಿಕಾಗೊದಲ್ಲಿ ಸೇತುವೆಯ ಪರವಾಗಿ ವಾದಿಸಿದವರಲ್ಲಿ ಲಿಂಕನ್ ಪ್ರಮುಖರು. ನದಿಯಲ್ಲಿ ಉತ್ತರ ದಕ್ಷಿಣವಾಗಿ ಸಾಗುವವರಿಗೆ ಇರುವಷ್ಟೇ ಹಕ್ಕು ಪೂರ್ವದಿಂದ ಪಶ್ಚಿಮಕ್ಕೆ ನದಿಯನ್ನು ದಾಟುವವರಿಗೂ ಇದೆ ಎಂಬುದು ಅವರ ವಾದದ ತಿರುಳು. ಜ್ಯೂರಿ ಒಮ್ಮತಕ್ಕೆ ಬರಲಿಲ್ಲ, ಸೇತುವೆ ಉಳಿಯಿತು.

ಗ್ರಂಥಪ್ರಿಯ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಋಣಿ. ಒಂದು ಉಪಪ್ರಶ್ನೆ: ಪಂಚಾಂಗ ತೋರಿಸಿ ಕೊಲೆ ಆರೋಪಿಯನ್ನು ಬಿಡಿಸಿದ ಕಥೆ ನಿಜವೇ? ಅವರು ಹಳೆಯ ವರ್ಷದ ಪಂಚಾಂಗ ತೋರಿಸಿ ಜ್ಯೂರಿಗೆ ಮೋಸ ಮಾಡಿದರೆಂದು ಎಲ್ಲೋ ಓದಿದ ನೆನಪು. ಹಾಗೆಯೇ, ಸುತ್ತಿನ ಆ ಪರಿಚಯಗಳು 1860ರಲ್ಲಿ ನಿಜಕ್ಕೂ ಕೆಲಸ ಮಾಡಿದವೇ?

ಪ್ರೇರಿ ಕನ್ನಡಿಗ:

ಮೊಕದ್ದಮೆ ನಿಜ, ಮೋಸದ ಆರೋಪ ಸುಳ್ಳು. 1857ರ ಆಗಸ್ಟ್ 29ರ ರಾತ್ರಿ ನಡೆದ ಬಡಿದಾಟದಲ್ಲಿ ಪೆಟ್ಟು ತಿಂದ ಜೇಮ್ಸ್ ಮೆಟ್ಜ್‌ಕರ್ ಕೆಲವು ದಿನಗಳಲ್ಲಿ ಸತ್ತ. ಆರೋಪಿ ಡಫ್ ಆರ್ಮ್‌ಸ್ಟ್ರಾಂಗ್, ನ್ಯೂ ಸೇಲಂನಲ್ಲಿ ಲಿಂಕನ್ನರಿಗೆ ಊಟ, ಆಸರೆ ಕೊಟ್ಟಿದ್ದ ಜ್ಯಾಕ್ ಮತ್ತು ಹ್ಯಾನಾ ದಂಪತಿಗಳ ಮಗ. ಜ್ಯಾಕ್ ಅಷ್ಟರಲ್ಲಿ ತೀರಿಕೊಂಡಿದ್ದುದರಿಂದ ಲಿಂಕನ್ ಶುಲ್ಕವಿಲ್ಲದೆ ಬಂದರು. ವಿಚಾರಣೆ 1858ರ ಮೇ ತಿಂಗಳಲ್ಲಿ ಬಿಯರ್ಡ್ಸ್‌ಟೌನಿನಲ್ಲಿ ನಡೆಯಿತು. ಮುಖ್ಯ ಸಾಕ್ಷಿ ಚಾರ್ಲ್ಸ್ ಆಲನ್, ರಾತ್ರಿ ಸುಮಾರು ಹನ್ನೊಂದಕ್ಕೆ, ಚಂದ್ರ ನೆತ್ತಿಯ ಬಳಿ ಪ್ರಕಾಶಮಾನವಾಗಿದ್ದುದರಿಂದ ತಾನು ಎಲ್ಲವನ್ನೂ ಕಂಡೆನೆಂದು ಹೇಳಿದ. ಪಾಟೀಸವಾಲಿನಲ್ಲಿ ಲಿಂಕನ್ ಅವನಿಂದ ಆ ಮಾತನ್ನೇ ಮತ್ತೆ ಮತ್ತೆ ಹೇಳಿಸಿ, ಆಮೇಲೆ ಪಂಚಾಂಗವನ್ನು ಮುಂದಿಟ್ಟರು: ಆ ಹೊತ್ತಿಗೆ ಚಂದ್ರ ಮುಳುಗಲು ಹತ್ತಿರವಾಗಿದ್ದ. ಇತ್ತೀಚೆಗೆ ಖಗೋಳಜ್ಞರು ಲೆಕ್ಕ ಹಾಕಿ, ಅಂದು ನಡುರಾತ್ರಿ ದಾಟಿದ ಕೆಲವೇ ನಿಮಿಷಗಳಲ್ಲಿ ಚಂದ್ರ ಅಸ್ತವಾಗಿದ್ದನೆಂದು ಖಚಿತಪಡಿಸಿದ್ದಾರೆ. ಹಳೆಯ ಪಂಚಾಂಗ ತೋರಿಸುವ ಅಗತ್ಯವೇ ಅವರಿಗೆ ಇರಲಿಲ್ಲ. ಆದರೂ ಆರೋಪಿ ಬಿಡುಗಡೆಯಾದದ್ದು ಅದೊಂದರಿಂದಲೇ ಅಲ್ಲ. ವೈದ್ಯರ ಸಾಕ್ಷ್ಯವೂ ಇತ್ತು, ಆ ತಾಯಿಯ ಉಪಕಾರವನ್ನು ನೆನೆದು ಲಿಂಕನ್ ಕಣ್ಣೀರು ತಂದುಕೊಂಡು ಮಾಡಿದ ಕೊನೆಯ ವಾದವೂ ಇತ್ತು. ಅದೇ ಬಡಿದಾಟಕ್ಕಾಗಿ ಬೇರೆಯಾಗಿ ವಿಚಾರಣೆಗೊಳಗಾದ ಜೇಮ್ಸ್ ನಾರಿಸ್‌ಗೆ ಎಂಟು ವರ್ಷ ಶಿಕ್ಷೆಯಾಗಿತ್ತು. ಒಳ್ಳೆಯ ವಕೀಲ ಸಿಕ್ಕವನಿಗೂ ಸಿಗದವನಿಗೂ ಇರುವ ವ್ಯತ್ಯಾಸ ಅಂದೂ ಅಷ್ಟೇ ಇತ್ತು.

ಎರಡನೆಯದಕ್ಕೆ ಉತ್ತರ: ಕೆಲಸ ಮಾಡಿದವು. ರಾಷ್ಟ್ರೀಯ ಕಾಂಗ್ರೆಸ್ಸಿನಲ್ಲಿ ಲಿಂಕನ್ ಇದ್ದದ್ದು 1847ರಿಂದ 1849ರವರೆಗಿನ ಒಂದೇ ಅವಧಿ. ಮೆಕ್ಸಿಕೊ ಯುದ್ಧ ಯಾರ ನೆಲದಲ್ಲಿ ಶುರುವಾಯಿತೆಂದು ಅಧ್ಯಕ್ಷರನ್ನು ಪ್ರಶ್ನಿಸಿ ಊರಿನಲ್ಲಿ ಅಪ್ರಿಯರಾಗಿ ಹಿಂದಿರುಗಿದ್ದರು. 1854ರ ಕ್ಯಾನ್ಸಸ್–ನೆಬ್ರಾಸ್ಕಾ ಕಾಯಿದೆ ಹೊಸ ಪ್ರಾಂತ್ಯಗಳಲ್ಲಿ ಗುಲಾಮಗಿರಿಗೆ ಬಾಗಿಲು ತೆರೆದಾಗ ಮತ್ತೆ ರಾಜಕೀಯಕ್ಕೆ ಇಳಿದರು. 1855ರಲ್ಲೂ 1858ರಲ್ಲೂ ಸೆನೆಟ್ಟಿಗೆ ಆಯ್ಕೆಯಾಗಲಿಲ್ಲ. ಹೀಗಿದ್ದೂ 1860ರ ಮೇ ತಿಂಗಳಲ್ಲಿ ಷಿಕಾಗೊದಲ್ಲಿ ರಿಪಬ್ಲಿಕನ್ ಪಕ್ಷದ ಸಮಾವೇಶ ಸೇರಿದಾಗ ಅವರ ಪರವಾಗಿ ಹೋಟೆಲಿನಲ್ಲಿ ಠಿಕಾಣಿ ಹೂಡಿದವರು ಯಾರು? ನ್ಯಾಯಾಧೀಶ ಡೇವಿಡ್ ಡೇವಿಸ್ ಮುಖ್ಯಸ್ಥರು. ಜೊತೆಗೆ ಲಿಯೊನಾರ್ಡ್ ಸ್ವೆಟ್, ಹಳೆಯ ಪಾಲುದಾರ ಸ್ಟೀಫನ್ ಲೋಗನ್, ಡ್ಯಾನ್ವಿಲ್ ಕೋರ್ಟಿನ ಜೊತೆಗಾರ ವಾರ್ಡ್ ಹಿಲ್ ಲ್ಯಾಮನ್. ಎಲ್ಲರೂ ವಕೀಲಿಯ ದಿನಗಳ ಒಡನಾಡಿಗಳು. ಗೆಲ್ಲಲು 233 ಮತಗಳು ಬೇಕಿದ್ದವು. ಮೊದಲ ಸುತ್ತಿನಲ್ಲಿ ನ್ಯೂಯಾರ್ಕಿನ ಸೀವರ್ಡ್‌ಗೆ 173½, ಲಿಂಕನ್ನರಿಗೆ 102. ಇವರ ತಂತ್ರ, ಮೊದಲ ಆಯ್ಕೆ ಬೇರೆಯವರಾಗಿದ್ದ ಪ್ರತಿನಿಧಿಗಳಿಗೆ ಲಿಂಕನ್ ಎರಡನೆಯ ಆಯ್ಕೆಯಾಗುವಂತೆ ನೋಡಿಕೊಳ್ಳುವುದು. ಮೂರನೆಯ ಸುತ್ತಿನಲ್ಲಿ 231½ಕ್ಕೆ ಬಂದು ನಿಂತಾಗ ಒಹಾಯೊದ ನಾಲ್ಕು ಮತಗಳು ಇತ್ತ ತಿರುಗಿದವು. ಹನ್ನೆರಡು ಜನರ ಜ್ಯೂರಿಯನ್ನು ಒಬ್ಬೊಬ್ಬರಾಗಿ ಒಲಿಸಿಕೊಳ್ಳುವುದು ಇಪ್ಪತ್ತು ವರ್ಷದ ಅಭ್ಯಾಸವಾಗಿದ್ದವರಿಗೆ 466 ಪ್ರತಿನಿಧಿಗಳು ಹೊಸ ವಿದ್ಯೆಯಾಗಿರಲಿಲ್ಲ.

ಚರಿತ್ರೆಯ ವಿದ್ಯಾರ್ಥಿನಿ:

ಡೇವಿಸ್ ಅವರ ಹೆಸರು ಬಂದದ್ದರಿಂದ ಒಂದನ್ನು ಸೇರಿಸುತ್ತೇನೆ. 1862ರಲ್ಲಿ ಲಿಂಕನ್ನರು ಡೇವಿಸ್ಸರನ್ನು ಅಮೆರಿಕದ ಸುಪ್ರೀಂ ಕೋರ್ಟಿಗೆ ನೇಮಿಸಿದರು. ಗೆಳೆಯನಿಗೆ ಕೊಟ್ಟ ಕೃಪೆಯೆಂದು ಟೀಕಿಸಬಹುದು. ಆದರೆ 1866ರಲ್ಲಿ, ಲಿಂಕನ್ ತೀರಿಕೊಂಡ ಮರುವರ್ಷ, ಮಿಲಿಗನ್ ಮೊಕದ್ದಮೆಯ ತೀರ್ಪು ಬರೆದವರು ಅದೇ ಡೇವಿಸ್. ಸಾಮಾನ್ಯ ನ್ಯಾಯಾಲಯಗಳು ತೆರೆದು ಕೆಲಸ ಮಾಡುತ್ತಿರುವ ಕಡೆ ನಾಗರಿಕರನ್ನು ಸೇನಾ ಆಯೋಗಗಳ ಮುಂದೆ ವಿಚಾರಣೆಗೆ ಒಳಪಡಿಸುವಂತಿಲ್ಲ ಎಂದು ಅದರಲ್ಲಿ ಹೇಳಲಾಯಿತು. ಯುದ್ಧಕಾಲದಲ್ಲಿ ಲಿಂಕನ್ ಸರ್ಕಾರವೇ ಆ ಪದ್ಧತಿಯನ್ನು ನಡೆಸಿಕೊಂಡು ಬಂದಿತ್ತು. ಸುತ್ತಿನ ಸ್ನೇಹ ಸಮಾವೇಶದ ಹೋಟೆಲಿನವರೆಗೆ ಬಂದಿತು, ನ್ಯಾಯಪೀಠವನ್ನು ಹತ್ತಲಿಲ್ಲ.

ನಿವೃತ್ತ ವಕೀಲ:

ಅದಕ್ಕೆ ನನ್ನದೊಂದು ಸಣ್ಣ ಬಾಲ. ಊರಿನವರ ಎಷ್ಟೋ ಆಸ್ತಿ ಪಾಲುಗಳ ವ್ಯವಹಾರ ನಡೆಸಿದ್ದ ಲಿಂಕನ್ ತಮ್ಮದೇ ಉಯಿಲು ಬರೆಯದೆ ಹೋದರು. ಹಿರಿಯ ಮಗ ರಾಬರ್ಟ್ ಕರೆದಾಗ ಬಂದು ಆಸ್ತಿಯ ಆಡಳಿತ ವಹಿಸಿಕೊಂಡವರೂ ಡೇವಿಸ್ಸರೇ. ಸುಮಾರು 1 ಲಕ್ಷ 10 ಸಾವಿರ ಡಾಲರಿನ ಆ ಆಸ್ತಿಯನ್ನು ಪತ್ನಿಗೂ ಉಳಿದಿದ್ದ ಇಬ್ಬರು ಗಂಡುಮಕ್ಕಳಿಗೂ ಸಮನಾಗಿ ಹಂಚಿ, ತಮಗೆ ಕಾನೂನಿನ ಪ್ರಕಾರ ಬರಬೇಕಾಗಿದ್ದ ಶುಲ್ಕವನ್ನು ಅವರು ತೆಗೆದುಕೊಳ್ಳಲಿಲ್ಲ.